ಎರಡು ಆಂಟೆನಾಗಳ ಬೆಂಚು: ಗುಟ್ಟಿನ ಸಂಪರ್ಕಕ್ಕೂ ರಾಡಾರ್ ಚಿತ್ರಕ್ಕೂ ಒಂದೇ ತಯಾರಿ

ಒಂದೇ ಆಂಟೆನಾದಿಂದ ಕಳಿಸಿದ ಸಂಕೇತ ಸುತ್ತಲಿನ ಎಲ್ಲರಿಗೂ ಸಿಗುತ್ತದೆ. ಪವರ್ ಹೆಚ್ಚಿಸಿದರೆ ಇನ್ನೂ ದೂರದವರಿಗೂ ಸಿಗುತ್ತದೆ, ಅಷ್ಟೇ. ಎರಡು ಆಂಟೆನಾ ಇಟ್ಟು ಅವುಗಳ ನಡುವಿನ ಫೇಸ್ (ತರಂಗ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದರ) ಅಂತರವನ್ನು ಹತೋಟಿಗೆ ತಂದುಕೊಂಡರೆ ಸಂಕೇತ ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಎರಡನ್ನೂ ನೀವೇ ತೀರ್ಮಾನಿಸಬಹುದು. ಅದೇ ಹತೋಟಿಯಿಂದ, ಅದೇ ಉಪಕರಣದಿಂದ, ಎದುರಿಗಿರುವ ವಸ್ತುಗಳ ರಾಡಾರ್ ಚಿತ್ರವನ್ನೂ ತೆಗೆಯಬಹುದು. ಎರಡರ ಗಣಿತವೂ ಒಂದೇ. ಎರಡೂ ಕೆಡುವ ಕಾರಣವೂ ಹೆಚ್ಚುಕಡಿಮೆ ಒಂದೇ: ಫೇಸ್ ಅಳತೆ ಸರಿಯಿಲ್ಲದಿರುವುದು.

ಬಳ್ಳಾರಿ, ರಾಯಚೂರು, ಕೊಪ್ಪಳದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಅವರಿಗೆ ಪ್ರಾಜೆಕ್ಟ್ ಮಾಡಿಸುವ ಮೇಷ್ಟ್ರುಗಳಿಗೆ ಈ ಪ್ರಯೋಗ ವಿಶೇಷವಾಗಿ ಒಗ್ಗುತ್ತದೆ. ಸಿಂಧನೂರು, ಗಂಗಾವತಿ ಕಡೆಯ ನೀರು ನಿಂತ ಭತ್ತದ ಗದ್ದೆ ಎಂದರೆ ಅಡ್ಡಿಯೇ ಇಲ್ಲದ ಬಯಲು. ಅಲ್ಲಿಂದ ಒಂದೆರಡು ಗಂಟೆಯ ದಾರಿಯಲ್ಲಿ ಗ್ರಾನೈಟ್ ಬಂಡೆಗಳ ರಾಶಿ. ರೇಡಿಯೋ ತರಂಗ ಈ ಎರಡು ಜಾಗಗಳಲ್ಲಿ ಪೂರ್ತಿ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತದೆ. ಒಂದೇ ಉಪಕರಣವನ್ನು ಎರಡೂ ಕಡೆ ಇಟ್ಟು ನೋಡುವ ಅನುಕೂಲ ಎಲ್ಲರಿಗೂ ಸಿಗುವುದಿಲ್ಲ.

ಶುರು ಮಾಡುವ ಮುನ್ನ: ಪರವಾನಗಿ

ಭಾರತದಲ್ಲಿ 2.4ರಿಂದ 2.4835 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಗಿದೆ. ಆಂಟೆನಾ ಒಂದು ದಿಕ್ಕಿಗೆ ಕೂಡಿಸಿಕೊಡುವ ಬಲವನ್ನೂ ಸೇರಿಸಿ ಹೊರಬೀಳುವ ಶಕ್ತಿ 4 ವ್ಯಾಟ್ ಮೀರಬಾರದು. ನಮ್ಮ ಬೆಂಚು, ಅಂದರೆ ಈ ಪ್ರಯೋಗದ ಜೋಡಣೆ, ಹೊರಗೆ ಬಿಡುವುದು ಕೆಲವೇ ಮಿಲಿವ್ಯಾಟ್. ಆದರೂ ಆ ವಿನಾಯಿತಿ ಅನುಮೋದನೆ ಪಡೆದ ಉಪಕರಣಕ್ಕೆ ಕೊಟ್ಟಿದ್ದೇ ಹೊರತು ಕೈಯಲ್ಲಿ ಕಟ್ಟಿದ ಟ್ರಾನ್ಸ್‌ಮಿಟರ್‌ಗೆ ಅಲ್ಲ. ಆದ್ದರಿಂದ ಕಾಲೇಜಿನ ಹೆಸರಿನಲ್ಲಿ ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲ್ ಮೂಲಕ ಪ್ರಾಯೋಗಿಕ ಪರವಾನಗಿಗೆ ಅರ್ಜಿ ಹಾಕಿ. ಅದು ಬರುವವರೆಗೆ ಕೇಬಲ್ ಮೇಲಿನ ಕೆಲಸ ಧಾರಾಳವಾಗಿ ನಡೆಯುತ್ತದೆ, ಆ ಕೆಲಸ ಬೇಕಾದಷ್ಟಿದೆ. ಮುನಿರಾಬಾದ್ ಅಣೆಕಟ್ಟು, ಶಕ್ತಿನಗರದ ಉಷ್ಣ ಸ್ಥಾವರ, ರೈಲ್ವೆ ಯಾರ್ಡ್ ಹತ್ತಿರ ಟ್ರೈಪಾಡ್ ನಿಲ್ಲಿಸಬೇಡಿ. ಬೇರೆ ಎಲ್ಲಿಗೆ ಹೋದರೂ ಕಾಲೇಜಿನ ಪತ್ರ ಜೇಬಿನಲ್ಲಿರಲಿ. ಆನೆಗೊಂದಿ ಕಡೆ ಬಂಡೆಗಳಿವೆ ಎಂದು ಸೀದಾ ಹೋಗಬೇಡಿ. ಅದು ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು, ಅನುಮತಿ ಬೇಕು. ಊರ ಹೊರಗಿನ ಯಾವುದೇ ಗುಡ್ಡದ ಬುಡ ಸಾಕು.

ಬೇಕಾಗುವ ಸಾಮಾನು

ಮುಖ್ಯವಾದದ್ದು ಎರಡು ಕಳಿಸುವ, ಎರಡು ಪಡೆಯುವ ಚಾನೆಲ್ ಇರುವ ಒಂದು ಸಾಫ್ಟ್‌ವೇರ್ ರೇಡಿಯೋ ಬೋರ್ಡ್ (ಕಂಪ್ಯೂಟರ್ ಹೇಳಿದಂತೆ ತರಂಗ ಕಳಿಸುವ, ಪಡೆಯುವ ಬೋರ್ಡ್). ಅಡಾಲ್ಮ್-ಪ್ಲೂಟೋದ ಸಿ ಆವೃತ್ತಿ ಅಥವಾ ಅದರ ನಂತರದ್ದು ಸಾಕು. ಅದರ ಎರಡನೇ ಜೋಡಿ ಪೆಟ್ಟಿಗೆಯ ಹೊರಗೆ ಕಾಣುವುದಿಲ್ಲ. ಒಳಗೆ ಬೋರ್ಡಿನ ಮೇಲೆ ಸಣ್ಣ ಯು.ಎಫ್‌ಎಲ್ ಕನೆಕ್ಟರ್ ಆಗಿರುತ್ತದೆ, ಸೆಟ್ಟಿಂಗ್‌ನಲ್ಲಿ ಎರಡು-ಎರಡು ಮೋಡ್‌ಗೆ ಬದಲಿಸಿಕೊಳ್ಳಬೇಕು. ಯು.ಎಫ್‌ಎಲ್ ಕನೆಕ್ಟರ್ ಪದೇ ಪದೇ ತೆಗೆದು ಹಾಕಿದರೆ ಸಡಿಲವಾಗುತ್ತದೆ. ಒಮ್ಮೆ ಸಣ್ಣ ತುಂಡು ಕೇಬಲ್ ಹಾಕಿ, ಆಚೆ ತುದಿಯ ಎಸ್‌ಎಂಎ (ತಿರುಪಿನ ಕನೆಕ್ಟರ್) ಅನ್ನು ಪೆಟ್ಟಿಗೆಗೆ ಬಿಗಿದು ಬಿಟ್ಟುಬಿಡಿ.

ಎರಡು ಬೇರೆ ಬೇರೆ ಬೋರ್ಡ್ ಕೊಂಡು ಒಂದೊಂದರಿಂದ ಒಂದೊಂದು ಆಂಟೆನಾ ನಡೆಸೋಣ ಎಂದು ಹೊರಡಬೇಡಿ. ಎರಡಕ್ಕೂ ಒಂದೇ ಕ್ಲಾಕ್ ಕೊಟ್ಟರೂ ಒಳಗಿನ ಆಸಿಲೇಟರ್‌ಗಳು (ತರಂಗ ಹುಟ್ಟಿಸುವ ಭಾಗಗಳು) ಪ್ರತಿ ಸಲ ಆನ್ ಆದಾಗ ಮನಸ್ಸಿಗೆ ಬಂದ ಫೇಸ್‌ನಿಂದ ಶುರುವಾಗುತ್ತವೆ. ಒಂದೇ ಚಿಪ್‌ನ ಎರಡು ಚಾನೆಲ್ ಒಂದೇ ಆಸಿಲೇಟರ್ ಹಂಚಿಕೊಳ್ಳುತ್ತವೆ. ಇಡೀ ಕೆಲಸ ನಿಂತಿರುವುದು ಅದರ ಮೇಲೆ.

ಉಳಿದದ್ದು: ಎರಡು ದಾರಿಯ ಪವರ್ ಸ್ಪ್ಲಿಟರ್ ಒಂದು, 10 ಡಿಬಿ (ಡೆಸಿಬೆಲ್, ಎರಡು ಶಕ್ತಿಗಳ ಅನುಪಾತದ ಅಳತೆ) ಡೈರೆಕ್ಷನಲ್ ಕಪ್ಲರ್ (ಸಂಕೇತದ ಚೂರೊಂದನ್ನು ಬದಿಗೆ ತೆಗೆಯುವ ಭಾಗ) ಒಂದು, 30 ಡಿಬಿ ಅಟೆನ್ಯುಯೇಟರ್ (ಸಂಕೇತ ತಗ್ಗಿಸುವ ಭಾಗ) ಎರಡು, 50 ಓಮ್ ಟರ್ಮಿನೇಟರ್ (ಖಾಲಿ ಬಾಯಿ ಮುಚ್ಚುವ ಭಾಗ) ಎರಡು, ಆರ್‌ಜಿ-316 ಕೇಬಲ್ 1 ಮೀಟರಿನವು ನಾಲ್ಕು, ಎಲ್‌ಎಂಆರ್-240 ಕೇಬಲ್ 12 ಮೀಟರ್, 31 ಮಿ.ಮೀ. ತಾಮ್ರದ ತಂತಿಯ ಮೊನೊಪೋಲ್ ಆಂಟೆನಾ ಮೂರು, 300 ಮಿ.ಮೀ. ಚೌಕದ ಅಲ್ಯೂಮಿನಿಯಂ ತಗಡು ಎರಡು. ಕೇಬಲ್, ಕನೆಕ್ಟರ್‌ಗೆ ಬಳ್ಳಾರಿಯವರು ಬೆಂಗಳೂರಿನ ಎಸ್.ಪಿ. ರೋಡ್ ನೋಡುತ್ತಾರೆ. ರಾಯಚೂರಿನವರಿಗೆ ಹೈದರಾಬಾದಿನ ಕೋಠಿ ಹತ್ತಿರ. ತಗಡು ಮಾತ್ರ ಊರಿನ ಕಿಟಕಿ-ಬಾಗಿಲು ಫ್ಯಾಬ್ರಿಕೇಶನ್ ಅಂಗಡಿಯಲ್ಲೇ ಸಿಗುತ್ತದೆ.

ಕೇಬಲ್ ಕೊಳ್ಳುವಾಗ ಒಂದೇ ಸುರುಳಿಯಿಂದ ಕತ್ತರಿಸಿದ ತುಂಡುಗಳನ್ನೇ ಕೇಳಿ. ಆರ್‌ಜಿ-316 ಒಳಗೆ ತರಂಗ ಬೆಳಕಿನ ವೇಗದ ಸುಮಾರು 70 ಪ್ರತಿಶತದಲ್ಲಿ ಹೋಗುತ್ತದೆ. 2.45 ಗಿಗಾಹರ್ಟ್ಸ್‌ನಲ್ಲಿ ಎರಡು ಕೇಬಲ್‌ಗಳ ಉದ್ದದಲ್ಲಿ 1 ಮಿ.ಮೀ. ವ್ಯತ್ಯಾಸವಾದರೂ ಫೇಸ್ 4 ಡಿಗ್ರಿಗಿಂತ ಹೆಚ್ಚು ಸರಿಯುತ್ತದೆ.

ಮೊದಲ ಕೆಲಸ: ಎರಡು ಚಾನೆಲ್‌ಗಳ ನಡುವಿನ ಫೇಸ್ ಅಳೆಯುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕಳೆಯಿರಿ. ಆತುರಪಟ್ಟು ಬಯಲಿಗೆ ಹೋದ ತಂಡಗಳು ಸಂಜೆಗೆ ಮರಳಿ ಬರುವುದು ಇದೇ ಮೇಜಿಗೆ.

ಎರಡು ಕಳಿಸುವ ಚಾನೆಲ್‌ಗಳಿಗೆ ನೀವು ಮುಂದೆ ಆಂಟೆನಾಗೆ ಬಳಸುವ ಅದೇ ಎರಡು ಕೇಬಲ್ ಹಾಕಿ. ಅವುಗಳ ಆಚೆ ತುದಿಗಳನ್ನು ಸ್ಪ್ಲಿಟರ್‌ನ ಎರಡು ಬಾಯಿಗೆ ಸೇರಿಸಿ. ಇಲ್ಲಿ ಅದು ಉಲ್ಟಾ, ಎರಡನ್ನು ಕೂಡಿಸುವ ಕೆಲಸ ಮಾಡುತ್ತದೆ. ಸ್ಪ್ಲಿಟರ್‌ನ ಮೂರನೇ ಬಾಯಿಯಿಂದ 30 ಡಿಬಿ ಅಟೆನ್ಯುಯೇಟರ್ ಮೂಲಕ ಪಡೆಯುವ ಚಾನೆಲ್‌ಗೆ ಕೊಡಿ. ಅಟೆನ್ಯುಯೇಟರ್ ಮರೆತರೆ ರಿಸೀವರ್‌ನ ಮುಂಭಾಗವೇ ಸುಟ್ಟುಹೋಗುವ ಅಪಾಯವಿದೆ.

ಮೊದಲ ಚಾನೆಲ್‌ನಿಂದ ಮಧ್ಯದ ಫ್ರೀಕ್ವೆನ್ಸಿಗಿಂತ 100 ಕಿಲೋಹರ್ಟ್ಸ್ ಮೇಲೆ ಒಂದು ಶುದ್ಧ ಸ್ವರ ಕಳಿಸಿ, ಬಂದ ಮಾದರಿಗಳ ಪ್ರಮಾಣ ಮತ್ತು ಫೇಸ್ ಬರೆದುಕೊಳ್ಳಿ. ಆಮೇಲೆ ಎರಡನೇ ಚಾನೆಲ್‌ನಿಂದ ಮಾತ್ರ ಅದೇ ಸ್ವರ. ಎರಡರ ಅನುಪಾತವೇ ನಿಮ್ಮ ತಿದ್ದುಪಡಿ ಸಂಖ್ಯೆ. ಸರಿಯಾಗಿ ಮಧ್ಯದ ಫ್ರೀಕ್ವೆನ್ಸಿಯಲ್ಲೇ ಅಳೆಯಬೇಡಿ, ಅಲ್ಲಿ ಬೋರ್ಡಿನದೇ ಆಸಿಲೇಟರ್ ಸೋರಿಕೆ ಕೂತಿರುತ್ತದೆ. ಸ್ವಯಂಚಾಲಿತ ಗೇನ್ (ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟ) ಬಂದ್ ಮಾಡಿ, ಗೇನ್ ಕೈಯಿಂದಲೇ ನಿಗದಿ ಮಾಡಿ. ಗೇನ್ ಬದಲಾದರೆ ಫೇಸ್ ಕೂಡ ಬದಲಾಗುತ್ತದೆ.

ಈಗ ಸ್ಪ್ಲಿಟರ್‌ನ ಎರಡು ಬಾಯಿಗಳಲ್ಲಿ ಕೇಬಲ್‌ಗಳನ್ನು ಅದಲು ಬದಲು ಮಾಡಿ ಮತ್ತೆ ಅಳೆಯಿರಿ. ಸ್ಪ್ಲಿಟರ್‌ನದೇ ಸಣ್ಣ ಅಸಮತೋಲ ಮೊದಲ ಅಳತೆಯಲ್ಲಿ ಕೂಡಿಕೊಂಡಿರುತ್ತದೆ, ಎರಡನೆಯದರಲ್ಲಿ ಕಳೆದುಕೊಂಡಿರುತ್ತದೆ. ಎರಡರ ಸರಾಸರಿ ತೆಗೆದರೆ ಉಳಿಯುವುದು ಚಾನೆಲ್ ಮತ್ತು ಕೇಬಲ್‌ನ ನಿಜವಾದ ವ್ಯತ್ಯಾಸ. ಅಗ್ಗದ ಸ್ಪ್ಲಿಟರ್ ಇಟ್ಟುಕೊಂಡೂ ಒಳ್ಳೆಯ ಅಳತೆ ತೆಗೆಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಬೋರ್ಡ್ ಆಫ್ ಮಾಡಿ ಆನ್ ಮಾಡಿದಾಗಲೆಲ್ಲ, ಫ್ರೀಕ್ವೆನ್ಸಿ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ಆನ್ ಆದ ಮೇಲೆ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಅಳೆಯಿರಿ.

ಎಷ್ಟು ಡಿಗ್ರಿ ತಪ್ಪಿದರೆ ಏನಾಗುತ್ತದೆ? ಎರಡು ಆಂಟೆನಾಗಳಿಂದ ಒಂದು ದಿಕ್ಕಿನಲ್ಲಿ ಸಂಕೇತವನ್ನು ಪೂರ್ತಿ ಅಳಿಸಲು ಹೊರಟಾಗ ಫೇಸ್ 5 ಡಿಗ್ರಿ ತಪ್ಪಿದ್ದರೆ, ಆ ದಿಕ್ಕಿನಲ್ಲಿ ಉಳಿಯುವ ಸಂಕೇತ ಗರಿಷ್ಠಕ್ಕಿಂತ 27 ಡಿಬಿ ಕೆಳಗೆ ನಿಲ್ಲುತ್ತದೆ. 10 ಡಿಗ್ರಿಗೆ 21 ಡಿಬಿ, 20 ಡಿಗ್ರಿಗೆ 15 ಡಿಬಿ. ಫೇಸ್ ಸರಿಯಿದ್ದು ಎರಡು ಚಾನೆಲ್‌ಗಳ ಪ್ರಮಾಣದಲ್ಲಿ 1 ಡಿಬಿ ವ್ಯತ್ಯಾಸ ಉಳಿದರೆ ಸುಮಾರು 25 ಡಿಬಿ. ಈ ಸಂಖ್ಯೆಗಳನ್ನು ಗೋಡೆಯ ಮೇಲೆ ಅಂಟಿಸಿ. ಮುಂದೆ ಬರುವ ಎಲ್ಲದಕ್ಕೂ ಇವೇ ಮಿತಿ.

ಬಿಸಿಲಿನ ವಿಚಾರ ಒಂದಿಷ್ಟು. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನಲ್ಲಿ 40 ಡಿಗ್ರಿ ದಾಟುತ್ತದೆ. ಕಪ್ಪು ಪೆಟ್ಟಿಗೆಯ ಒಳಗೆ ಇನ್ನೂ ಹೆಚ್ಚು. ಆದರೆ ಕೆಡಿಸುವುದು ಬಿಸಿಗಿಂತ ಹೆಚ್ಚಾಗಿ ಒಂದು ಕೇಬಲ್ ಬಿಸಿಲಿನಲ್ಲಿದ್ದು ಇನ್ನೊಂದು ನೆರಳಿನಲ್ಲಿರುವುದು. ಎರಡನ್ನೂ ಒಟ್ಟಿಗೆ ಕಟ್ಟಿ, ಬಿಳಿ ಬಟ್ಟೆ ಸುತ್ತಿ. ಡಿಸೆಂಬರ್ ಬೆಳಗಿನ ಜಾವ ಕೆಲಸ ಮಾಡುವವರು ಇನ್ನೊಂದನ್ನು ಗಮನಿಸಿ: ಆರ್‌ಜಿ-316 ಒಳಗಿರುವ ಟೆಫ್ಲಾನ್ ಸುಮಾರು 19 ಡಿಗ್ರಿ ಸೆಲ್ಸಿಯಸ್ ಹತ್ತಿರ ತನ್ನ ಹರಳಿನ ರಚನೆ ಬದಲಿಸಿಕೊಳ್ಳುತ್ತದೆ, ಆಗ ಕೇಬಲ್‌ನ ಫೇಸ್ ಉದ್ದ ತಟ್ಟನೆ ಸರಿಯುತ್ತದೆ. ಬೆಳಗಿನ ಚಳಿಯಲ್ಲಿ ಅಳೆದ ತಿದ್ದುಪಡಿ ಒಂಬತ್ತು ಗಂಟೆಯ ಬಿಸಿಲಿಗೆ ಹೊಂದದಿದ್ದರೆ ಬೋರ್ಡನ್ನು ಅನುಮಾನಿಸುವ ಮೊದಲು ಇದನ್ನು ನೆನೆಯಿರಿ.

ಸಂಡೂರು, ತೋರಣಗಲ್ಲು ಕಡೆಯವರು ಎಸ್‌ಎಂಎ ಕನೆಕ್ಟರ್‌ಗಳಿಗೆ ಯಾವಾಗಲೂ ಮುಚ್ಚಳ ಹಾಕಿಡಿ. ಅದಿರಿನ ಕೆಂಪು ಧೂಳು ಥ್ರೆಡ್‌ನಲ್ಲಿ ಕೂತರೆ ಕನೆಕ್ಟರ್ ಬಿಗಿಯಾದಂತೆ ಕಂಡರೂ ಸಂಪರ್ಕ ಸರಿಯಿರುವುದಿಲ್ಲ, ಕೈ ತಾಗಿದರೆ ಫೇಸ್ ಹಾರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಿಸಿ, ಆಮೇಲೆ ಬಿಗಿಯಿರಿ.

ಬಯಲಿನಲ್ಲಿ: ಶೂನ್ಯ ದಿಕ್ಕು ತಿರುಗಿಸುವುದು

2.45 ಗಿಗಾಹರ್ಟ್ಸ್‌ನ ತರಂಗಾಂತರ 122.4 ಮಿ.ಮೀ. ಒಂದು ತಗಡಿನ ಮೇಲೆ ಎರಡು ಮೊನೊಪೋಲ್‌ಗಳನ್ನು ಅದರ ಅರ್ಧ, ಅಂದರೆ 61 ಮಿ.ಮೀ. ಅಂತರದಲ್ಲಿ ನಿಲ್ಲಿಸಿ. ಇನ್ನೂ ಹತ್ತಿರ ಇಟ್ಟರೆ ಒಂದರ ಶಕ್ತಿ ಇನ್ನೊಂದು ನುಂಗಲು ಶುರುಮಾಡುತ್ತದೆ. ದೂರ ಇಟ್ಟರೆ ಬೇಡದ ಕಡೆ ಎರಡನೇ ಕಿರಣ ಹುಟ್ಟುತ್ತದೆ.

ತಗಡನ್ನು ಮರದ ಸ್ಟೂಲಿನ ಮೇಲೆ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇಡಿ. ಸುತ್ತ 10 ಮೀಟರ್ ತ್ರಿಜ್ಯದ ವೃತ್ತವನ್ನು ಸುಣ್ಣದ ಪುಡಿಯಲ್ಲಿ ಎಳೆದು, 10 ಡಿಗ್ರಿಗೊಂದು ಗುರುತು ಹಾಕಿ. ಗುರುತಿನಿಂದ ಗುರುತಿಗೆ ವೃತ್ತದ ಮೇಲೆ 1.75 ಮೀಟರ್ ಬರುತ್ತದೆ. ಎರಡು ಆಂಟೆನಾಗಳನ್ನು ಕೂಡಿಸುವ ಗೆರೆಗೆ ಲಂಬವಾದ ದಿಕ್ಕು ಸೊನ್ನೆ ಡಿಗ್ರಿ. ಮೂರನೇ ಮೊನೊಪೋಲನ್ನು ಎರಡನೇ ತಗಡಿನ ಮೇಲೆ ಕೂರಿಸಿ, ಕೋಲಿಗೆ ಕಟ್ಟಿ, ಅದೇ ಎತ್ತರದಲ್ಲಿ ವೃತ್ತದ ಮೇಲೆ ನಡೆಸಿ. 12 ಮೀಟರ್ ಕೇಬಲ್‌ನಿಂದ ಅದು ಅದೇ ಬೋರ್ಡಿಗೆ ಮರಳಿ ಬರಲಿ. ಆ ಕೇಬಲ್ ನುಂಗುವುದು ಸುಮಾರು 5 ಡಿಬಿ, ಚಿಂತೆಯಿಲ್ಲ. ಬೈಕುಗಳನ್ನು, ಕಬ್ಬಿಣದ ಗೇಟನ್ನು, ಜನರನ್ನು 30 ಮೀಟರ್ ಆಚೆ ಇಡಿ.

ಲೆಕ್ಕ ಸರಳ. ಅರ್ಧ ತರಂಗಾಂತರದ ಜೋಡಿಗೆ, ಸಂಕೇತ ಅಳಿಯಬೇಕಾದ ಕೋನದ ಸೈನ್ ಬೆಲೆಯನ್ನು 180ರಿಂದ ಗುಣಿಸಿ, ಬಂದದ್ದನ್ನು 180ರಿಂದ ಕಳೆಯಿರಿ. ಸಿಗುವುದೇ ಎರಡನೇ ಆಂಟೆನಾಗೆ ಕೊಡಬೇಕಾದ ಫೇಸ್. ಕದ್ದು ಕೇಳುವವರು 30 ಡಿಗ್ರಿ ದಿಕ್ಕಿನಲ್ಲಿದ್ದಾರೆ ಎಂದುಕೊಳ್ಳಿ. ಸೈನ್ 30 ಎಂದರೆ ಅರ್ಧ, 180ರ ಅರ್ಧ 90, ಕೊಡಬೇಕಾದ ಫೇಸ್ 90 ಡಿಗ್ರಿ. ಶೂನ್ಯ ದಿಕ್ಕು, ಅಂದರೆ ಸಂಕೇತ ಅಳಿಯುವ ದಿಕ್ಕು, 30ಕ್ಕೆ ಬಂದಾಗ ಗರಿಷ್ಠ ದಿಕ್ಕು ಮೈನಸ್ 30ಕ್ಕೆ ಬೀಳುತ್ತದೆ. ನೇರ ಎದುರಿಗೆ 3 ಡಿಬಿ ಕಡಿಮೆ.

ವೃತ್ತದ ಮೇಲೆ ನಡೆದು ಅಳೆದದ್ದನ್ನು ಗ್ರಾಫ್ ಮಾಡಿ. 30ರಲ್ಲಿ ಗುಂಡಿ ಕಾಣಬೇಕು, 20 ಡಿಬಿಗಿಂತ ಆಳವಿರಬೇಕು. 150ರಲ್ಲೂ ಅಂಥದೇ ಗುಂಡಿ ಕಾಣುತ್ತದೆ. ಸಾಲಿನಲ್ಲಿ ನಿಂತ ಎರಡು ಕಂಬಗಳಿಗೆ ಹಿಂದು-ಮುಂದು ಗೊತ್ತಾಗುವುದಿಲ್ಲ, ಅದು ತಪ್ಪಲ್ಲ. ಗುಂಡಿ 30ರ ಬದಲು 36ರಲ್ಲೋ 24ರಲ್ಲೋ ಬಂದರೆ ತಿದ್ದುಪಡಿಯ ಚಿಹ್ನೆ ಉಲ್ಟಾ ಹಾಕಿದ್ದೀರಾ ನೋಡಿ. ಜಾಗ ಸರಿಯಿದ್ದು ಆಳ ಮಾತ್ರ 10 ಡಿಬಿ ಇದ್ದರೆ ಎಲ್ಲಿಂದಲೋ ಪ್ರತಿಫಲನ ಬರುತ್ತಿದೆ. ನೆಲದ ಪ್ರತಿಫಲನವನ್ನು ದೂರಬೇಡಿ. ಅದು ಬಹುಮಟ್ಟಿಗೆ ಅದೇ ದಿಕ್ಕಿನಿಂದ ಬರುವುದರಿಂದ 10 ಮೀಟರಿನಲ್ಲಿ 4 ಡಿಗ್ರಿಯಷ್ಟು ಫೇಸ್ ಸರಿಸಬಹುದು, ಅಷ್ಟೇ. ಗುಂಡಿ ತುಂಬುವುದು ಪಕ್ಕದ ಗೋಡೆ, ಟ್ರ್ಯಾಕ್ಟರ್, ನೀರಿನ ಟ್ಯಾಂಕರ್.

ಬಯಲಿನ ವಿಧಾನಕ್ಕೆ ಒಂದು ದೊಡ್ಡ ಕೊರತೆಯಿದೆ. ಕದ್ದು ಕೇಳುವವರು ಎಲ್ಲಿದ್ದಾರೆಂದು ನಿಮಗೆ ಗೊತ್ತಿರಬೇಕು. ಅವರು ಸಂಕೇತ ಪಡೆಯಬೇಕಾದ ನಿಮ್ಮ ಸ್ನೇಹಿತರ ಹಿಂದೆ ಅದೇ ಗೆರೆಯಲ್ಲಿ ನಿಂತರೆ ಈ ಉಪಾಯ ನಡೆಯುವುದೇ ಇಲ್ಲ.

ಬಂಡೆಗಳ ನಡುವೆ: ಚಾನೆಲ್ ಅಳೆದು, ಗದ್ದಲ ಬೆರೆಸುವುದು

ಗ್ರಾನೈಟ್ ಮೇಲೆ ನೇರವಾಗಿ ಬಿದ್ದ 2.45 ಗಿಗಾಹರ್ಟ್ಸ್ ಶಕ್ತಿಯಲ್ಲಿ ಸುಮಾರು ಆರನೇ ಒಂದು ಪಾಲು ಮರಳಿ ಬರುತ್ತದೆ. ಬಂಡೆಯ ಮೇಲ್ಮೈ ಒರಟು 15 ಮಿ.ಮೀ. ಒಳಗಿದ್ದರೆ ಆ ತರಂಗಕ್ಕೆ ಅದು ನುಣುಪೇ. ಹತ್ತಾರು ಬಂಡೆಗಳಿಂದ ಹೀಗೆ ಬಂದ ಪ್ರತಿಫಲನಗಳು ಕೂಡಿದಾಗ ಒಂದು ಜಾಗದ ಸಂಕೇತಕ್ಕೂ ಅಲ್ಲಿಂದ ಅರ್ಧ ತರಂಗಾಂತರ ಸರಿದರೆ ಸಿಗುವ ಸಂಕೇತಕ್ಕೂ ಸಂಬಂಧವೇ ಇರುವುದಿಲ್ಲ. ಬಯಲಿನ ಕೋನದ ಲೆಕ್ಕ ಇಲ್ಲಿ ನಡೆಯುವುದಿಲ್ಲ, 30 ಡಿಗ್ರಿಗೆ ಇಟ್ಟ ಗುಂಡಿ ಕಾಣುವುದೇ ಇಲ್ಲ. ಆದರೆ ಗುಟ್ಟು ಕಾಪಾಡಲು ಬಯಲಿಗಿಂತ ಈ ಜಾಗವೇ ವಾಸಿ.

1975ರಲ್ಲಿ ಆರನ್ ವೈನರ್ ತೋರಿಸಿದ್ದು ಇದನ್ನೇ: ಬೇಕಾದವರ ಚಾನೆಲ್ (ಇಲ್ಲಿ ಅವರವರೆಗೆ ತರಂಗ ಸಾಗುವ ದಾರಿ) ಕದ್ದು ಕೇಳುವವರ ಚಾನೆಲ್‌ಗಿಂತ ಚೆನ್ನಾಗಿದ್ದರೆ, ಕೀಲಿ ಇಲ್ಲದೆಯೂ ಸ್ವಲ್ಪ ಮಾಹಿತಿಯನ್ನು ಗುಟ್ಟಾಗಿ ಕಳಿಸಬಹುದು. 2008ರಲ್ಲಿ ಗೋಯಲ್ ಮತ್ತು ನೇಗಿ ಪ್ರಕಟಿಸಿದ ವಿಧಾನ ಆ ವ್ಯತ್ಯಾಸವನ್ನು ನಾವೇ ಹುಟ್ಟಿಸುವಂಥದ್ದು. ಬೇಕಾದವರಿಗೆ ಮಾತ್ರ ಕೇಳಿಸದ ಕೃತಕ ಗದ್ದಲವನ್ನು ಸಂಕೇತದ ಜೊತೆ ಕಳಿಸುವುದು. ಎರಡು ಆಂಟೆನಾ ಇದ್ದರೆ ಅದಕ್ಕೆ ಸಾಕು.

ಮಾಡುವ ಕ್ರಮ ಹೀಗೆ. ಮೊದಲು ಪ್ರತಿ ಆಂಟೆನಾದಿಂದ ಒಂದೊಂದಾಗಿ ಗೊತ್ತಿರುವ ಸಂಕೇತ ಕಳಿಸಿ, ಸ್ನೇಹಿತರ ಕಡೆ ಬಂದದ್ದನ್ನು ಅಳೆದು ಎರಡು ಸಂಕೀರ್ಣ ಸಂಖ್ಯೆ ಪಡೆಯಿರಿ: ಮೊದಲ ದಾರಿಯದು, ಎರಡನೇ ದಾರಿಯದು. ಮಾಹಿತಿಯನ್ನು ಕಳಿಸುವಾಗ ಪ್ರತಿ ಆಂಟೆನಾಗೆ ಅದರ ಸಂಖ್ಯೆಯ ಸಂಯುಗ್ಮದಿಂದ ಗುಣಿಸಿ. ಎರಡು ದಾರಿಯವೂ ಸ್ನೇಹಿತರ ಬಳಿ ಒಂದೇ ಫೇಸ್‌ನಲ್ಲಿ ಸೇರುತ್ತವೆ. ಗದ್ದಲವನ್ನು ಕಳಿಸುವಾಗ ಮೊದಲ ಆಂಟೆನಾಗೆ ಎರಡನೇ ದಾರಿಯ ಸಂಖ್ಯೆ, ಎರಡನೇ ಆಂಟೆನಾಗೆ ಮೊದಲ ದಾರಿಯ ಸಂಖ್ಯೆಯ ಋಣ. ಸ್ನೇಹಿತರ ಬಳಿ ಎರಡೂ ಕೂಡಿ ಸೊನ್ನೆ. ಬೇರೆ ಜಾಗಗಳಲ್ಲಿ ಸಾಮಾನ್ಯವಾಗಿ ಸೊನ್ನೆಯಾಗುವುದಿಲ್ಲ.

ಶಕ್ತಿಯನ್ನು ಅರ್ಧ-ಅರ್ಧ ಹಂಚಿ ಶುರುಮಾಡಿ. ಸ್ನೇಹಿತರಿಗೆ ಕಳೆದುಹೋಗುವುದು 3 ಡಿಬಿ. ಕದ್ದು ಕೇಳುವವರಿಗೆ ಸಂಕೇತವೂ ಗದ್ದಲವೂ ಸರಾಸರಿ ಸಮಸಮ, ಅಂದರೆ 0 ಡಿಬಿ. ಅವರು ಹತ್ತಿರ ಬಂದರೂ ಉಪಯೋಗವಿಲ್ಲ, ಎರಡೂ ಒಟ್ಟಿಗೆ ಜೋರಾಗುತ್ತವೆ. 0 ಡಿಬಿಯಲ್ಲಿ ಕ್ಯೂಪಿಎಸ್‌ಕೆ (ಒಂದು ಸಿಂಬಲ್‌ನಲ್ಲಿ, ಅಂದರೆ ಒಂದು ಸಲಕ್ಕೆ ಕಳಿಸುವ ತರಂಗದ ತುಣುಕಿನಲ್ಲಿ, 2 ಬಿಟ್ ಇಡುವ ವಿಧಾನ) ಕಳಿಸಿದರೆ ಅವರಿಗೆ ನೂರಕ್ಕೆ 16 ಬಿಟ್ ತಪ್ಪಾಗಿ ಸಿಗುತ್ತದೆ. ಇಷ್ಟಕ್ಕೇ ಸಮಾಧಾನಪಡಬೇಡಿ. ಒಳ್ಳೆಯ ತಪ್ಪು-ತಿದ್ದುವ ಕೋಡ್ ಬಳಸಿದ್ದರೆ ಅವರೂ ಅದನ್ನು ತಿದ್ದಿಕೊಂಡು ಓದಬಹುದು, ಏಕೆಂದರೆ 0 ಡಿಬಿಯಲ್ಲೂ ಒಂದು ಸಿಂಬಲ್‌ಗೆ 1 ಬಿಟ್ ದಾಟುವಷ್ಟು ಜಾಗವಿದೆ. ಆದ್ದರಿಂದ ಸ್ನೇಹಿತರಿಗೆ 20 ಡಿಬಿ ಸಿಗುತ್ತಿದ್ದರೆ 16-ಕ್ಯೂಎಎಂ (ಸಿಂಬಲ್‌ಗೆ 4 ಬಿಟ್), ಮುಕ್ಕಾಲು ದರದ ಕೋಡ್ ಹಾಕಿ. ಸಿಂಬಲ್‌ಗೆ 3 ಬಿಟ್ ಆಗುತ್ತದೆ. 1 ಬಿಟ್ ಹಿಡಿಸುವ ದಾರಿಯಲ್ಲಿ 3 ಬಿಟ್ ತೂರಿಸಲು ಯಾರಿಗೂ ಆಗದು.

ಇಲ್ಲಿ ಕೆಡುವ ಸಂಗತಿಗಳು ಹಲವು. ಮೊದಲನೆಯದು ಮತ್ತೆ ಫೇಸ್. ಚಾನೆಲ್ ಅಳತೆ 10 ಡಿಗ್ರಿ ತಪ್ಪಿದ್ದರೆ ಗದ್ದಲ ಸ್ನೇಹಿತರ ಕಡೆಗೂ ಸೋರುತ್ತದೆ, ಎಷ್ಟೇ ಪವರ್ ಕೊಟ್ಟರೂ ಅವರಿಗೆ 21 ಡಿಬಿ ದಾಟುವುದಿಲ್ಲ. ಮೇಲೆ ಗೋಡೆಗೆ ಅಂಟಿಸಿದ ಸಂಖ್ಯೆಯೇ ಇಲ್ಲಿ ಮತ್ತೆ ಬರುತ್ತದೆ. ಎರಡನೆಯದು ಕ್ಲಿಪ್ಪಿಂಗ್. ಗದ್ದಲದಲ್ಲಿ ಅಪರೂಪಕ್ಕೆ ಬಹಳ ಎತ್ತರದ ಶಿಖರ ಬರುತ್ತದೆ. ಬೋರ್ಡಿನ ಮಿತಿಗೆ ಅದು ತಾಗಿ ಕತ್ತರಿಸಿದರೆ ಒಂದು ಆಂಟೆನಾದ ಗದ್ದಲ ಇನ್ನೊಂದನ್ನು ಸರಿಯಾಗಿ ಅಳಿಸಲಾರದು. ಸರಾಸರಿ ಪ್ರಮಾಣವನ್ನು ಪೂರ್ಣ ಮಿತಿಯ ಕಾಲು ಭಾಗದಲ್ಲಿ ಇಡಿ.

ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಯುಎಸ್‌ಬಿ ನಿಧಾನವೆಂದು ಬೋರ್ಡಿನಲ್ಲಿ ಒಂದೇ ಬಫರ್ ತುಂಬಿ ಸುತ್ತಿ ಸುತ್ತಿ ಕಳಿಸುವ ಪದ್ಧತಿ ಇದೆ. ಪರೀಕ್ಷೆಗೆ ಅದು ಸರಿ. ಆದರೆ ಗದ್ದಲವೂ ಅದರಲ್ಲೇ ಸುತ್ತಿದರೆ ಕದ್ದು ಕೇಳುವವರು ಅದನ್ನು ಕಲಿತು ಕಳೆದುಬಿಡಬಹುದು. ಗೊತ್ತಿರುವ ಸೀಡ್‌ನಿಂದ (ಕಂಪ್ಯೂಟರ್ ಲೆಕ್ಕ ಶುರುಮಾಡುವ ಸಂಖ್ಯೆಯಿಂದ) ಹುಟ್ಟಿಸಿದ ಗದ್ದಲಕ್ಕೂ ಇದೇ ಗತಿ. ಪ್ರತಿ ಚೌಕಟ್ಟಿಗೂ ಆಪರೇಟಿಂಗ್ ಸಿಸ್ಟಮ್‌ನ ಯಾದೃಚ್ಛಿಕ ಮೂಲದಿಂದ ಹೊಸ ಗದ್ದಲ ತೆಗೆಯಿರಿ.

ನಾಲ್ಕನೆಯದು ಚಲನೆ. ಸ್ನೇಹಿತರ ಆಂಟೆನಾ ನಡಿಗೆಯ ವೇಗದಲ್ಲಿ, ಸೆಕೆಂಡಿಗೆ 1.2 ಮೀಟರ್, ಸರಿದರೂ 10 ಮಿಲಿಸೆಕೆಂಡಿನಲ್ಲಿ ತರಂಗಾಂತರದ ಹತ್ತನೇ ಭಾಗ ದಾಟಿರುತ್ತದೆ. ಅಷ್ಟರೊಳಗೆ ಚಾನೆಲ್ ಮತ್ತೆ ಅಳೆಯಬೇಕು. ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಹೋಗಿ ಬರುವ ಈ ಬೆಂಚಿನಲ್ಲಿ ಅಷ್ಟು ಬೇಗ ಆಗುವುದು ಕಷ್ಟ. ಆದ್ದರಿಂದ ಎರಡೂ ತುದಿ ಅಲುಗದಂತೆ ಇಡಿ, ಗಾಳಿಗೆ ಆಡುವ ಜಾಲಿ ಗಿಡಗಳಿಂದ ದೂರವಿರಿ.

ಇನ್ನು ಈ ವಿಧಾನದ ಮಿತಿ. ಕದ್ದು ಕೇಳುವವರ ಬಳಿಯೂ ಎರಡು ಆಂಟೆನಾ ಇದ್ದರೆ ಅವರು ಗದ್ದಲವನ್ನು ಬೇರ್ಪಡಿಸಿ ತೆಗೆಯಬಲ್ಲರು. ಕಳಿಸುವವರ ಆಂಟೆನಾ ಸಂಖ್ಯೆ ಕದ್ದು ಕೇಳುವವರದಕ್ಕಿಂತ ಹೆಚ್ಚಿರಲೇಬೇಕು. ಚಾನೆಲ್ ಅಳೆಯುವ ಹೊತ್ತಿನಲ್ಲಿ ಅವರೂ ಅದೇ ಸಂಕೇತ ಕಳಿಸಿ ನಿಮ್ಮ ಅಳತೆ ಕೆಡಿಸಬಹುದು. ಆದ್ದರಿಂದ ಇದನ್ನು ಎಇಎಸ್ ಗೂಢಲಿಪಿಯ ಜಾಗದಲ್ಲಿ ಅಲ್ಲ, ಅದರ ಜೊತೆಯಲ್ಲಿ ಬಳಸಬೇಕು.

ರಾಡಾರ್ ಚಿತ್ರ: ಹಳಿಯ ಮೇಲೆ ಸರಿಯುವ ಡಬ್ಬಿಗಳು

ಈಗ ಅದೇ ಬೋರ್ಡ್, ಅದೇ ಕೇಬಲ್, ಆಂಟೆನಾ ಮಾತ್ರ ಬೇರೆ. ತಗಡಿನ ಎರಡು ಡಬ್ಬಿ ಬೇಕು. ಒಳವ್ಯಾಸ 90 ಮಿ.ಮೀ., ಉದ್ದ 150 ಮಿ.ಮೀ.ಗಿಂತ ಕಡಿಮೆ ಬೇಡ, ಒಂದು ಬದಿ ಮುಚ್ಚಿರಬೇಕು. ವ್ಯಾಸದಲ್ಲಿ ರಾಜಿ ಬೇಡ. 100 ಮಿ.ಮೀ. ಡಬ್ಬಿ ಸುಲಭವಾಗಿ ಸಿಗುತ್ತದೆ, ಆದರೆ ಅದರೊಳಗೆ 2.3 ಗಿಗಾಹರ್ಟ್ಸ್ ಮೇಲೆ ಎರಡನೇ ಬಗೆಯ ತರಂಗವೂ ಹರಿಯತೊಡಗಿ ಕಿರಣ ಓರೆಯಾಗುತ್ತದೆ. 90ರಲ್ಲಿ ಅದು 2.55ಕ್ಕೆ ಮುಂಚೆ ಶುರುವಾಗುವುದಿಲ್ಲ. ಮುಚ್ಚಿದ ತುದಿಯಿಂದ 51 ಮಿ.ಮೀ. ದೂರದಲ್ಲಿ ರಂಧ್ರ ಕೊರೆದು, ಎಸ್‌ಎಂಎ ಕೂರಿಸಿ, ಒಳಗೆ 31 ಮಿ.ಮೀ. ತಂತಿ ನಿಲ್ಲಿಸಿ. ಆಮೇಲೆ ಸ್ವಲ್ಪ ಸ್ವಲ್ಪವೇ ಕತ್ತರಿಸಿ ಹೊಂದಿಸಿ.

ಎರಡು ಡಬ್ಬಿಗಳನ್ನು 30 ಸೆಂ.ಮೀ. ಅಂತರದಲ್ಲಿ ಒಂದೇ ಹಲಗೆಗೆ ಬಿಗಿಯಿರಿ, ನಡುವೆ ಅಲ್ಯೂಮಿನಿಯಂ ತಗಡಿನ ಅಡ್ಡ. ಒಂದು ಕಳಿಸುತ್ತದೆ, ಒಂದು ಕೇಳುತ್ತದೆ. ಎರಡನೇ ಪಡೆಯುವ ಚಾನೆಲ್‌ಗೆ ಕಳಿಸುವ ಕೇಬಲ್‌ನಿಂದಲೇ ಕಪ್ಲರ್ ಮತ್ತು 30 ಡಿಬಿ ಅಟೆನ್ಯುಯೇಟರ್ ಮೂಲಕ ಒಂದು ಚೂರು ಕೊಡಿ. ಉಳಿದ ಕಳಿಸುವ ಬಾಯಿಗೆ 50 ಓಮ್ ಟರ್ಮಿನೇಟರ್.

ಈ ಚೂರು ಯಾಕೆ ಬೇಕು ಎಂದರೆ, ದೂರವನ್ನು ಬಿಡಿಸಿ ನೋಡಲು ಅಗಲವಾದ ಬ್ಯಾಂಡ್ ಬೇಕು. 20 ಮೆಗಾಹರ್ಟ್ಸ್‌ನಲ್ಲಿ 7.5 ಮೀಟರ್ ಒಳಗಿನ ಎರಡು ವಸ್ತು ಒಂದೇ ಆಗಿ ಕಾಣುತ್ತವೆ. ಆದ್ದರಿಂದ 2402ರಿಂದ 2482 ಮೆಗಾಹರ್ಟ್ಸ್‌ವರೆಗೆ 1 ಮೆಗಾಹರ್ಟ್ಸ್ ಹೆಜ್ಜೆಯಲ್ಲಿ 81 ಫ್ರೀಕ್ವೆನ್ಸಿಗಳಲ್ಲಿ ಅಳೆಯಬೇಕು. ಆಗ ದೂರದ ಸೂಕ್ಷ್ಮತೆ 1.9 ಮೀಟರ್, ಗೊಂದಲವಿಲ್ಲದ ದೂರ 150 ಮೀಟರ್. ಪ್ರತಿ ಹೆಜ್ಜೆಗೂ ಬೋರ್ಡಿನ ಫೇಸ್ ಹಾರುತ್ತದೆಯಷ್ಟೆ. ಕೇಳಿದ್ದನ್ನು ಆ ಚೂರಿನಿಂದ ಭಾಗಿಸಿದರೆ ಹಾರಿದ ಫೇಸ್ ಪೂರ್ತಿ ಹೋಗುತ್ತದೆ. ಭಾಗಿಸದೆ ಚಿತ್ರ ಬರುವುದೇ ಇಲ್ಲ.

ಹಳಿ 2 ಮೀಟರ್ ಅಲ್ಯೂಮಿನಿಯಂ ಸೆಕ್ಷನ್. ಅದರ ಮೇಲೆ ಸ್ಟೀಲ್ ಟೇಪ್ ಅಂಟಿಸಿ, 30 ಮಿ.ಮೀ.ಗೊಂದು ನಿಲ್ದಾಣ, ಒಟ್ಟು 67. ತರಂಗಾಂತರದ ಕಾಲು ಭಾಗಕ್ಕಿಂತ ದೂರ ದೂರ ನಿಂತರೆ ಒಂದೇ ವಸ್ತು ಎರಡು ಕಡೆ ಕಾಣುತ್ತದೆ. ಹಲಗೆಯನ್ನು ಸರಿಸಿ, ನಿಲ್ಲಿಸಿ, ಕೈ ತೆಗೆದು, 81 ಅಳತೆ ತೆಗೆದು, ಮುಂದಕ್ಕೆ. 1 ಮಿ.ಮೀ. ತಪ್ಪಿದರೆ ಫೇಸ್ ಸುಮಾರು 6 ಡಿಗ್ರಿ ತಪ್ಪುತ್ತದೆ, ಯಾಕೆಂದರೆ ತರಂಗ ಹೋಗಿಯೂ ಬರುತ್ತದೆ. 7 ಮಿ.ಮೀ. ದಾಟಿದರೆ ಚಿತ್ರ ಕದಡುತ್ತದೆ.

ಹಳಿ ಇಲ್ಲದೆ ನಾಲ್ಕು ಆಂಟೆನಾಗಳಿಂದಲೇ ಮಾಡಲಾಗದೇ? ಕಳಿಸುವ ಎರಡನ್ನು 122 ಮಿ.ಮೀ., ಪಡೆಯುವ ಎರಡನ್ನು 61 ಮಿ.ಮೀ. ಅಂತರದಲ್ಲಿಟ್ಟು, ಒಂದಾದ ಮೇಲೊಂದು ಕಳಿಸಿದರೆ ನಾಲ್ಕು ಆಂಟೆನಾಗಳ ಸಾಲಿಗೆ ಸಮನಾಗುತ್ತದೆ. ವಾಹನಗಳ ರಾಡಾರ್ ಚಿಪ್‌ಗಳಲ್ಲಿ ಇದೇ ಉಪಾಯವಿದೆ. ಆದರೆ ನಾಲ್ಕರ ಸಾಲು ಬಿಡಿಸಿ ನೋಡುವ ಕೋನ 25 ಡಿಗ್ರಿಗಿಂತ ಒರಟು. 2 ಮೀಟರ್ ಹಳಿ ಕೊಡುವುದು 1.75 ಡಿಗ್ರಿ, ಅಂದರೆ 20 ಮೀಟರ್ ದೂರದಲ್ಲಿ 60 ಸೆಂ.ಮೀ. ಅಲುಗದ ದೃಶ್ಯಕ್ಕೆ ಹಳಿಯೇ ಲೇಸು. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ನಿಸಾರ್ ಉಪಗ್ರಹವೂ ಹೀಗೆಯೇ ತಾನು ಸಾಗುವ ದಾರಿಯನ್ನೇ ದೊಡ್ಡ ಆಂಟೆನಾ ಮಾಡಿಕೊಳ್ಳುತ್ತದೆ, ಎಲ್ ಮತ್ತು ಎಸ್ ಬ್ಯಾಂಡ್‌ಗಳಲ್ಲಿ.

ಮೊದಲ ಗುರಿಗೆ ಬಂಡೆ ಬೇಡ. ಮೂರು ತ್ರಿಕೋನ ತಗಡನ್ನು ಒಂದಕ್ಕೊಂದು ಲಂಬವಾಗಿ ಸೇರಿಸಿದ ಮೂಲೆ ಪ್ರತಿಫಲಕ ಮಾಡಿಸಿ, ಅಂಚು 60 ಸೆಂ.ಮೀ. ಅದು 2.45ರಲ್ಲಿ ಸುಮಾರು 36 ಚದರ ಮೀಟರ್‌ನಷ್ಟು ದೊಡ್ಡದಾಗಿ ಕಾಣುತ್ತದೆ. 30 ಸೆಂ.ಮೀ.ಗೆ ಇಳಿಸಿದರೆ ಬರೀ 2.3. ಬೆಸುಗೆಯಲ್ಲಿ ಮೂಲೆ ಒಂದೆರಡು ಡಿಗ್ರಿ ತೆರೆದುಕೊಳ್ಳದಂತೆ ಮೂಲೆಮಟ್ಟ ಹಿಡಿದು ನೋಡಿ. 20 ಮೀಟರ್ ದೂರದಿಂದ, 1 ಮಿಲಿವ್ಯಾಟ್ ಕಳಿಸಿದಾಗ ಅದರಿಂದ ಮರಳುವುದು ಮೈನಸ್ 73 ಡಿಬಿಎಂ (1 ಮಿಲಿವ್ಯಾಟ್‌ಗಿಂತ 73 ಡಿಬಿ ಕೆಳಗೆ) ಆಸುಪಾಸು. ಬೋರ್ಡ್ ಅದನ್ನು ಸಲೀಸಾಗಿ ಕೇಳುತ್ತದೆ. ಕಷ್ಟ ಕೊಡುವುದು ಡಬ್ಬಿಯಿಂದ ಡಬ್ಬಿಗೆ ನೇರ ಸೋರುವ ಸಂಕೇತ, ಅದು ಇದಕ್ಕಿಂತ ಹಲವು ಸಾವಿರ ಪಟ್ಟು ಜೋರು. ಪ್ರತಿಫಲಕ ಇಲ್ಲದೆ ಒಂದು ಸಲ ಇಡೀ ಹಳಿ ಅಳೆದು, ಇಟ್ಟು ಇನ್ನೊಂದು ಸಲ ಅಳೆದು, ಕಳೆಯಿರಿ. ಎರಡರ ನಡುವೆ ಬೋರ್ಡ್ ಆಫ್ ಮಾಡಬೇಡಿ.

ಕೇಬಲ್‌ನ ಉದ್ದವೂ ದೂರದಲ್ಲಿ ಸೇರಿಕೊಂಡಿರುತ್ತದೆ. ಪ್ರತಿಫಲಕವನ್ನು ಟೇಪ್ ಹಿಡಿದು 10 ಮೀಟರ್‌ಗೆ ಇಟ್ಟು, ಲೆಕ್ಕದಲ್ಲಿ ಬಂದ ದೂರದಿಂದ 10 ಕಳೆದು ಉಳಿದದ್ದನ್ನು ಎಲ್ಲ ಅಳತೆಯಿಂದಲೂ ತೆಗೆಯಿರಿ. ಇದನ್ನು ಬಿಟ್ಟರೆ ಚುಕ್ಕೆಯಾಗಬೇಕಾದ್ದು ಬಿಲ್ಲಿನಂತೆ ಬಾಗಿ ಕಾಣುತ್ತದೆ.

ಚಿತ್ರ ಕಟ್ಟುವ ಕೆಲಸ ಪೈಥಾನ್‌ನಲ್ಲಿ ಐವತ್ತು ಸಾಲಿನ ಒಳಗೆ ಮುಗಿಯುತ್ತದೆ. ಮುಂದಿನ ನೆಲವನ್ನು 25 ಸೆಂ.ಮೀ. ಚೌಕಗಳಾಗಿ ಭಾಗಿಸಿ. ಪ್ರತಿ ಚೌಕಕ್ಕೂ ಪ್ರತಿ ನಿಲ್ದಾಣದಿಂದ ಇರುವ ದೂರ ಲೆಕ್ಕ ಹಾಕಿ, ಆ ದೂರಕ್ಕೆ ಹೋಗಿ ಬಂದರೆ ಪ್ರತಿ ಫ್ರೀಕ್ವೆನ್ಸಿಯಲ್ಲಿ ಆಗಬೇಕಿದ್ದ ಫೇಸನ್ನು ಅಳತೆಯಿಂದ ತೆಗೆದು, 67 ನಿಲ್ದಾಣಗಳ 81 ಸಂಖ್ಯೆಗಳನ್ನು, ಒಟ್ಟು 5427, ಕೂಡಿಸಿ. ಅಲ್ಲಿ ವಸ್ತುವಿದ್ದರೆ ಎಲ್ಲವೂ ಒಂದೇ ಫೇಸ್‌ನಲ್ಲಿ ಸೇರಿ ದೊಡ್ಡದಾಗುತ್ತವೆ. ಇಲ್ಲದಿದ್ದರೆ ಒಂದನ್ನೊಂದು ಅಳಿಸಿಕೊಳ್ಳುತ್ತವೆ. 20ಕ್ಕೆ 30 ಮೀಟರ್ ಜಾಗಕ್ಕೆ 9600 ಚೌಕ, ಸಾಧಾರಣ ಲ್ಯಾಪ್‌ಟಾಪ್ ಕೆಲವೇ ಸೆಕೆಂಡಿನಲ್ಲಿ ಮುಗಿಸುತ್ತದೆ. ಕೂಡಿಸುವ ಮೊದಲು ಫ್ರೀಕ್ವೆನ್ಸಿಗಳ ಮೇಲೆ ಹ್ಯಾನಿಂಗ್ ಕಿಟಕಿ (ಎರಡು ತುದಿಯ ಸಂಖ್ಯೆಗಳನ್ನು ಮೆಲ್ಲಗೆ ತಗ್ಗಿಸುವ ಗುಣಕ) ಹಾಕಿ, ಇಲ್ಲದಿದ್ದರೆ ಜೋರಾದ ವಸ್ತುವಿನ ಅಕ್ಕಪಕ್ಕ ಸುಳ್ಳು ಗೆರೆಗಳು ಹುಟ್ಟುತ್ತವೆ.

ಪ್ರತಿಫಲಕ ಒಂದು ಚುಕ್ಕೆಯಾಗಿ ಬಂದ ಮೇಲೆ ಎರಡನ್ನು ಇಡಿ, 1 ಮೀಟರ್ ಅಡ್ಡ ಅಂತರದಲ್ಲಿ. ಎರಡು ಚುಕ್ಕೆ ಕಂಡರೆ ಬಂಡೆಗಳ ಕಡೆ ತಿರುಗಿಸಿ. ಬಂಡೆಯ ನಮಗೆದುರಾದ ಮುಖ ಮಾತ್ರ ಕಾಣುತ್ತದೆ, ಹಿಂಬದಿ ಕತ್ತಲು. ಬಂಡೆಯ ಹಿಂದೆ ಇಲ್ಲದ ವಸ್ತು ಕಂಡರೆ ಅದು ಬಂಡೆ ಮತ್ತು ನೆಲದ ನಡುವೆ ಎರಡು ಸಲ ಪುಟಿದು ತಡವಾಗಿ ಬಂದ ಸಂಕೇತ. ಹಲಗೆಯ ಎತ್ತರವನ್ನು 30 ಸೆಂ.ಮೀ. ಬದಲಿಸಿ ಮತ್ತೆ ಅಳೆಯಿರಿ. ನಿಜವಾದದ್ದು ಅಲ್ಲೇ ಇರುತ್ತದೆ, ಪುಟಿದದ್ದು ಮಂಕಾಗುತ್ತದೆ ಅಥವಾ ಜಾಗ ಬದಲಿಸುತ್ತದೆ. ಹಳಿಯ ಹಿಂದೆ ನೋಡುತ್ತ ನಿಂತವರನ್ನು ದೂರ ಕಳಿಸಿ. ಡಬ್ಬಿಯ ಹಿಂಬದಿಗೂ ಸ್ವಲ್ಪ ಕೇಳಿಸುತ್ತದೆ, ಅವರ ಚಲನೆ ಚಿತ್ರದ ತುಂಬ ಪಟ್ಟೆಪಟ್ಟೆಯಾಗಿ ಹರಡುತ್ತದೆ.

ಪ್ರತಿ ಅಳತೆಯ ಕಡತದಲ್ಲಿ ತಿದ್ದುಪಡಿ ಸಂಖ್ಯೆ, ಗೇನ್, ಹವೆಯ ಉಷ್ಣತೆ, ಯಾವ ಕೇಬಲ್ ಯಾವ ಬಾಯಿಗೆ ಎಂಬುದನ್ನು ಬರೆದಿಡಿ. ಕೇಬಲ್‌ಗಳಿಗೆ ಬಣ್ಣದ ಟೇಪ್ ಸುತ್ತಿರಿ. ಕಚ್ಚಾ ಸಂಖ್ಯೆಗಳನ್ನು ಅಳಿಸಬೇಡಿ, ತಿದ್ದುಪಡಿಯ ಚಿಹ್ನೆ ತಪ್ಪಾಗಿತ್ತೆಂದು ವಾರ ಬಿಟ್ಟು ಗೊತ್ತಾದರೂ ಆಗ ಗುಡ್ಡಕ್ಕೆ ಮತ್ತೆ ಹೋಗದೆ ಚಿತ್ರವನ್ನು ಹೊಸದಾಗಿ ಕಟ್ಟಬಹುದು.